ದಾವಣಗೆರೆಯ ಚಿಕ್ಕಪ್ಪನಿಗೆ, ಷೇರು ಟಿಪ್ ಬಗ್ಗೆ

ನ್ಯೂಜೆರ್ಸಿ

ಪ್ರೀತಿಯ ಚಿಕ್ಕಪ್ಪ,

ನಮಸ್ಕಾರ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ರೇಟು, ಅಜ್ಜಿಯ ಮಂಡಿನೋವು ಎಲ್ಲ ಹೇಳಿದಿರಿ. ಕೊನೆಗೆ ದನಿ ತಗ್ಗಿಸಿ, "ಆಡಿಟ್ ಕಂಪನಿಲಿದ್ದೀಯ, ಯಾವ ಷೇರು ಏರುತ್ತೆ ಅಂತ ಸುಮ್ನೆ ಒಂದು ಮಾತು ಹೇಳವ್ವ" ಅಂದಿರಲ್ಲ, ಅದಕ್ಕೇ ಈ ಪತ್ರ.

ಇನ್‌ಸೈಡರ್ ಟ್ರೇಡಿಂಗ್ ಅನ್ನುವುದು ಇದನ್ನೇ. ಕಂಪನಿಯ ಲಾಭ-ನಷ್ಟ, ವಿಲೀನ, ದೊಡ್ಡ ಆರ್ಡರ್‌ನ ಸುದ್ದಿ ಹೊರಗೆ ಬರುವ ಮೊದಲೇ ಒಳಗಿನವರಿಂದ ತಿಳಿದುಕೊಂಡು ಷೇರು ಕೊಳ್ಳುವುದು, ಇಲ್ಲವೇ ಮಾರುವುದು. ಹಾಗಂತ ಒಳಗಿನವರು ತಮ್ಮ ಕಂಪನಿಯ ಷೇರು ಮುಟ್ಟಲೇಬಾರದು ಅಂತೇನಿಲ್ಲ. ಆದರೆ ಭಾರತದಲ್ಲಿ ಮೂರು ತಿಂಗಳ ಲೆಕ್ಕದ ಅವಧಿ ಮುಗಿದಾಗಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಆಗುವವರೆಗೆ ಅವರ ವ್ಯವಹಾರ ಬಂದ್.

ನೀವು ಹರಿಹರಕ್ಕೆ ಹೋಗುವಾಗ ಯಾವುದೋ ಕಾರ್ಖಾನೆ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದು ಕಂಡು, ವ್ಯಾಪಾರ ಜೋರಿದೆ ಅಂತ ಅದರ ಷೇರು ಕೊಂಡಿರಿ ಅನ್ನಿ. ತಪ್ಪಿಲ್ಲ. ಅದು ದಾರಿಹೋಕರಿಗೆಲ್ಲ ಕಾಣುವಂಥದ್ದು. ಅದೇ ಕಾರ್ಖಾನೆಯ ಅಕೌಂಟೆಂಟು ಟೀ ಅಂಗಡಿಯಲ್ಲಿ ಈ ಸಲದ ಲಾಭ ಎಷ್ಟು ಅಂತ ಕಿವಿಯಲ್ಲಿ ಉಸುರಿ, ನೀವು ಕೊಂಡರೆ? ಇಬ್ಬರೂ ಸಿಕ್ಕಿಬೀಳುತ್ತೀರಿ. ಷೇರು ಮಾರ್ಕೆಟ್ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ ಕಾಯ್ದೆಯಲ್ಲಿ ದಂಡ ಕಮ್ಮಿ ಅಂದರೂ 10 ಲಕ್ಷ. ಜಾಸ್ತಿ ಅಂದರೆ 25 ಕೋಟಿ ಅಥವಾ ಬಂದ ಲಾಭದ ಮೂರು ಪಟ್ಟು, ಯಾವುದು ದೊಡ್ಡದೋ ಅದು. ಜೈಲೂ ಇದೆ, 10 ವರ್ಷದವರೆಗೆ.

"ಒಂದು ಮಾತು ತಾನೇ" ಅನ್ನಬೇಡಿ. ಇಲ್ಲಿ ರಜತ್ ಗುಪ್ತಾ ಅಂತ ನಮ್ಮ ದೇಶದಿಂದ ಬಂದು ಬಹಳ ಎತ್ತರಕ್ಕೆ ಏರಿದವರು, ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಬೋರ್ಡಿನಲ್ಲಿದ್ದರು. 2008ರ ಸೆಪ್ಟೆಂಬರ್‌ನಲ್ಲಿ, ದೊಡ್ಡ ಹೂಡಿಕೆದಾರ ವಾರನ್ ಬಫೆಟ್ ಅವರ ಕಂಪನಿ ಬ್ಯಾಂಕಿಗೆ 500 ಕೋಟಿ ಡಾಲರ್ ಹಾಕುವ ವಿಷಯ ಬೋರ್ಡಿನ ಫೋನ್ ಸಭೆಗೆ ಬಂತು. ಸಭೆ ಮುಗಿದು ಒಂದು ನಿಮಿಷವೂ ಆಗಿರಲಿಲ್ಲ, ಗುಪ್ತಾ ಅವರಿಂದ, ಜನರ ದುಡ್ಡನ್ನು ಷೇರಿಗೆ ಹಾಕುವ ಫಂಡು ನಡೆಸುತ್ತಿದ್ದ ರಾಜ್ ರಾಜರತ್ನಂಗೆ ಫೋನ್ ಹೋಯಿತು. ಮಾರ್ಕೆಟ್ ಮುಚ್ಚಲು ಇನ್ನು ಕೆಲವೇ ನಿಮಿಷ. ಅಷ್ಟರಲ್ಲೇ ರಾಜರತ್ನಂ ಫಂಡು ಷೇರು ಬಾಚಿಕೊಂಡಿತು. ಗುಪ್ತಾ ತಾವು ಕೊಂಡಿದ್ದರು ಅಂತ ಯಾರೂ ಹೇಳಲಿಲ್ಲ. ಸುದ್ದಿ ದಾಟಿಸಿದ್ದಕ್ಕೇ 2 ವರ್ಷ ಜೈಲು, 50 ಲಕ್ಷ ಡಾಲರ್ ದಂಡ ಆಯಿತು. ರಾಜರತ್ನಂಗೆ 11 ವರ್ಷ. ಅಷ್ಟು ದೊಡ್ಡವರನ್ನೇ ಬಿಡಲಿಲ್ಲ, ನನ್ನನ್ನು ಬಿಡುತ್ತಾರಾ?

ಇನ್ನು ನಿಮ್ಮ ಟೆಲಿಗ್ರಾಂ ಗ್ರೂಪಿನ "ಪಕ್ಕಾ ಒಳಸುದ್ದಿ". ಅದು ನಿಜವಾದರೆ ಕೇಸು, ಸುಳ್ಳಾದರೆ ನಿಮ್ಮ ದುಡ್ಡು ಗೋವಿಂದ. ಅಷ್ಟಕ್ಕೂ ನಿಜವಾದ ಸುದ್ದಿ ಇದ್ದವನು ಸಾವಿರಾರು ಜನಕ್ಕೆ ಯಾಕೆ ಹಂಚುತ್ತಾನೆ? ತಾನು ಮೊದಲೇ ಕೊಂಡಿಟ್ಟ ಷೇರನ್ನು ನಿಮ್ಮಂಥವರ ತಲೆಗೆ ಕಟ್ಟುವುದಕ್ಕೆ, ಅಲ್ವಾ? ದಯವಿಟ್ಟು ಆ ಗ್ರೂಪ್ ಬಿಡಿ. ಹೇಗೆ ಅಂತ ಗೊತ್ತಾಗದಿದ್ದರೆ ತಮ್ಮನ ಕೈಗೆ ಫೋನ್ ಕೊಡಿ, ಅವನು ಮಾಡಿಕೊಡುತ್ತಾನೆ.

ನಿಮ್ಮ ಅಣ್ಣನ ಮಗಳು