ರೆಕ್ಕೆಯ ಕೆಳಗೆ ದುಡಿದವರಿಗೆ ನಮಸ್ಕಾರ

ಈ ತಿಂಗಳ ಕೊನೆಗೆ ನನಗೆ ನಿವೃತ್ತಿ. ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಟೆಕ್ನಿಷಿಯನ್ ಆಗಿ ಕೆಲಸಕ್ಕೆ ಸೇರಿದವನು ನಾನು. 2007ರಲ್ಲಿ ನಮ್ಮನ್ನು ಏರ್ ಇಂಡಿಯಾ ಜೊತೆ ಸೇರಿಸಿದರು. ಆಮೇಲೆ ಎಂಜಿನಿಯರಿಂಗ್ ವಿಭಾಗವೇ ಬೇರೆ ಕಂಪನಿ ಆಯಿತು. 2022ರ ಜನವರಿ 27ರಂದು ಏರ್ ಇಂಡಿಯಾ ಮತ್ತೆ ಟಾಟಾದವರ ಕೈಸೇರಿದಾಗ ನಾವು ಸರ್ಕಾರದ ಕಡೆಯೇ ಉಳಿದೆವು. ಬೋರ್ಡು ಬದಲಾಯ್ತು, ಸಂಬಳದ ಚೀಟಿಯ ಮೇಲಿನ ಹೆಸರು ಬದಲಾಯ್ತು. ರಾತ್ರಿ ಬಂದು ನಿಲ್ಲುವ ವಿಮಾನಗಳು ಮಾತ್ರ ಅವೇ. ಹೀಗಾಗಿ ಥ್ಯಾಂಕ್ಸ್ ಹೇಳಲು ಕೂತಾಗ ಮೊದಲು ನೆನಪಾದದ್ದು ಆ ರೆಕ್ಕೆಗಳ ಕೆಳಗೆ ದುಡಿದ ಜನ.

ಏರ್ ಇಂಡಿಯಾದ ಕಥೆ ಶುರುವಾಗುವುದೇ ಜೆಆರ್‌ಡಿ ಟಾಟಾ ಅವರಿಂದ. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಟಪಾಲು ಹೇರಿಕೊಂಡು, ಪಸ್ ಮಾತ್ ಎಂಬ ಪುಟ್ಟ ವಿಮಾನವನ್ನು ತಾವೇ ಓಡಿಸಿಕೊಂಡು ಮುಂಬೈನ ಜುಹೂಗೆ ಬಂದರು. ನಡುವೆ ಅಹಮದಾಬಾದ್‌ನಲ್ಲಿ ಇಳಿದಾಗ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಜುಹೂವಿನಿಂದ ಮುಂದಕ್ಕೆ ಟಪಾಲನ್ನು ಮದ್ರಾಸಿಗೆ ಮುಟ್ಟಿಸಿದವರು ನೆವಿಲ್ ವಿನ್ಸೆಂಟ್. ಅವರು ಹೋದದ್ದು ನಮ್ಮ ಬಳ್ಳಾರಿ ಮಾರ್ಗವಾಗಿ. ಈ ಇಬ್ಬರ ಹೆಸರೂ ಚರಿತ್ರೆಯಲ್ಲಿದೆ, ಇರಲೇಬೇಕು. ಆದರೆ ಆ ಗಾಡಿ ಹೊಡೆದವರು ಯಾರು, ಡಬ್ಬ ಎತ್ತಿ ಸುರಿದವರು ಯಾರು ಅಂತ ನಾನು ಎಲ್ಲೂ ಓದಿಲ್ಲ. ನನ್ನ ಮೊದಲ ನಮಸ್ಕಾರ ಅವರಿಗೆ.

ಆಮೇಲೆ ಸಂಸ್ಥೆ ಬೆಳೆದ ವೇಗ ನಿಮಗೆ ಗೊತ್ತೇ ಇದೆ. 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು ಬಂತು. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬೈಯಿಂದ ಕೈರೋ, ಜಿನೀವಾ ದಾಟಿ ಲಂಡನ್‌ಗೆ ಹೊರಟಿತು. 1953ರಲ್ಲಿ ರಾಷ್ಟ್ರೀಕರಣವಾಗಿ ವಿದೇಶದ ಹಾರಾಟ ಏರ್ ಇಂಡಿಯಾಗೆ, ದೇಶದ ಒಳಗಿನದು ಇಂಡಿಯನ್ ಏರ್‌ಲೈನ್ಸ್‌ಗೆ ಬಂತು. 1962ರ ಹೊತ್ತಿಗೆ ಏರ್ ಇಂಡಿಯಾ ಬರೀ ಜೆಟ್‌ಗಳನ್ನೇ ಓಡಿಸುವ ಸಂಸ್ಥೆ ಆಗಿತ್ತು, ಜಗತ್ತಿಗೇ ಮೊದಲು. ಈ ಮಾತು ಓದಿದಾಗೆಲ್ಲ ನನ್ನ ತಲೆಗೆ ಬರುವುದು ಹ್ಯಾಂಗರ್‌ನ, ಅಂದರೆ ವಿಮಾನ ರಿಪೇರಿ ಶೆಡ್ಡಿನ ಜನ. ಪಿಸ್ಟನ್ ಎಂಜಿನ್‌ಗೆ ಪಳಗಿದ್ದ ಕೈಗಳು ಕೆಲವೇ ವರ್ಷಗಳಲ್ಲಿ ಜೆಟ್ ಎಂಜಿನ್ ಕಲಿತವಲ್ಲ, ಅದೇನು ಸುಮ್ನೆ ಆಗುವ ಕೆಲಸವೇ?

ನನಗೆ ಕೆಲಸ ಕಲಿಸಿದವರು ಅಂಥವರ ಶಿಷ್ಯರು. ನಾನು ಸೇರುವ ಹೊತ್ತಿಗೆ ಏರ್‌ಬಸ್ ಎ320 ಹೊಸದಾಗಿ ಬಂದಿತ್ತು. ಸಾಮಾನ್ಯವಾಗಿ ಎ320ಗೆ ರೆಕ್ಕೆಯಡಿಯ ಒಂದೊಂದು ಕಾಲಿಗೂ ಎರಡೆರಡು ಗಾಲಿ. ನಮ್ಮವಕ್ಕೆ ನಾಲ್ಕು ನಾಲ್ಕು. ನಮ್ಮ ದೇಶದ ಅಷ್ಟೇನೂ ಗಟ್ಟಿಯಿಲ್ಲದ ರನ್‌ವೇಗಳಿಗೆ ಭಾರ ಹಂಚಿಹೋಗಲಿ ಅಂತ ಹಾಗೆ ಮಾಡಿಸಿ ತಂದಿದ್ದರು. ಗಾಲಿ ಜಾಸ್ತಿ ಅಂದರೆ ಟೈರು, ಬ್ರೇಕು ನೋಡುವ ಕೆಲಸವೂ ಜಾಸ್ತಿ. ನಮ್ಮ ಹಿರಿಯರು ಬಗ್ಗಿ ಟಾರ್ಚ್ ಬಿಟ್ಟು ಒಂದೊಂದೇ ಟೈರಿನ ಸೀಳು ಹುಡುಕುತ್ತಿದ್ದರು. ಬ್ರೇಕಿನ ಹತ್ತಿರ ಒದ್ದೆ ಕಂಡರೆ ಬಿಳಿ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು, ನೀರೋ ಹೈಡ್ರಾಲಿಕ್ ಎಣ್ಣೆಯೋ ಅಂತ. ಎಲ್ಲ ಮುಗಿದ ಮೇಲೂ "ಸಹಿ ಹಾಕೋಕೆ ಮುಂಚೆ ಇನ್ನೊಂದು ಸುತ್ತು ಬಂದ್ಬಿಡು ಮರಿ" ಅನ್ನುತ್ತಿದ್ದರು. ಸರ್, ಇವತ್ತಿಗೂ ಆ ಇನ್ನೊಂದು ಸುತ್ತು ಬಿಟ್ಟಿಲ್ಲ. ನೀವು ಕೊಟ್ಟ ವಿದ್ಯೆಯಲ್ಲೇ ನನ್ನ ಮನೆ ನಡೆಯಿತು.

1990ರ ಫೆಬ್ರವರಿ 14ನ್ನು ಬರೆಯದೆ ಇರಲಾರೆ. ಮುಂಬೈಯಿಂದ ಬರುತ್ತಿದ್ದ ನಮ್ಮ ಎ320 ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿ 92 ಜನ ತೀರಿಕೊಂಡರು. ಆಮೇಲೆ ಕೆಲವು ತಿಂಗಳು ಎ320ಗಳು ಹಾರಲಿಲ್ಲ. ಹೊಸಬರಾದ ನಮ್ಮನ್ನು ಆ ದಿನಗಳಲ್ಲಿ ಜೊತೆಯಲ್ಲಿ ಕೂರಿಸಿಕೊಂಡು, ಊಟ ಮಾಡಿಸಿ, ಮತ್ತೆ ಕೆಲಸಕ್ಕೆ ನಿಲ್ಲಿಸಿದ ಹಿರಿಯರ ಋಣ ದೊಡ್ಡದು. ಅದೇ ವರ್ಷ ಏರ್ ಇಂಡಿಯಾದವರು ಕುವೈತ್ ಯುದ್ಧದಲ್ಲಿ ಸಿಕ್ಕಿಬಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್‌ನಿಂದ ಸುಮಾರು ಎರಡು ತಿಂಗಳಲ್ಲಿ ಕರೆತಂದರು. ನಮ್ಮ ಕರಾವಳಿಯ ಎಷ್ಟು ಮನೆಗಳಿಗೆ ಅದರಿಂದ ಜೀವ ಬಂತು! ಆ ವಿಮಾನಗಳನ್ನು ಹಗಲೂ ರಾತ್ರಿ ಹಾರಾಟಕ್ಕೆ ಸಿದ್ಧಮಾಡಿ ಕಳಿಸಿದ ಮುಂಬೈ ಸಹೋದ್ಯೋಗಿಗಳ ಬಗ್ಗೆ ನನಗೆ ಈಗಲೂ ಹೆಮ್ಮೆ.

ಕೊರೊನಾ ಕಾಲದಲ್ಲಿ ಎಲ್ಲ ನಿಂತಿತ್ತು ಅಂತ ಜನ ಅಂದುಕೊಂಡಿದ್ದಾರೆ. ನಿಂತ ವಿಮಾನಕ್ಕೆ ಕೆಲಸ ಕಡಿಮೆ ಇಲ್ಲ. ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗದಂತೆ ಗಾಲಿ ತಿರುಗಿಸಬೇಕು. ಆಗಾಗ ಎಂಜಿನ್ ಓಡಿಸಬೇಕು. ವೇಗ ಅಳೆಯುವ ಪಿಟಾಟ್ ಕೊಳವೆಯೊಳಗೆ ಹುಳ ಗೂಡು ಕಟ್ಟದಂತೆ ಮುಚ್ಚಿಡಬೇಕು, ಹಾರುವ ಮುಂಚೆ ನೆನಪಿಟ್ಟು ತೆಗೆಯಬೇಕು. ಸಹೋದ್ಯೋಗಿಗಳೇ, ಬಸ್ಸಿಲ್ಲದ ದಿನಗಳಲ್ಲಿ ಮಾಸ್ಕ್ ಹಾಕಿಕೊಂಡು ಡ್ಯೂಟಿಗೆ ಬಂದಿರಿ ನೀವು. 2020ರ ಮೇ 7ರಿಂದ, ವಿದೇಶದಲ್ಲಿ ಸಿಕ್ಕಿಕೊಂಡಿದ್ದ ನಮ್ಮವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಹಾರಿದ್ದು ನಿಮ್ಮಂಥವರಿಂದ. ಮರುವರ್ಷ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ನಮ್ಮ ಬೆಂಗಳೂರಿಗೇ ಬಂದಿಳಿದರು. ಅಷ್ಟು ಕಷ್ಟದ ವರ್ಷದ ನಂತರ ಆ ಸುದ್ದಿ ಕೇಳಿ ನಮ್ಮ ಶಿಫ್ಟ್‌ನವರಿಗೆಲ್ಲ ಕಣ್ಣು ತುಂಬಿತ್ತು.

ಲೋಡರ್‌ಗಳಿಗೆ, ಕ್ಲೀನಿಂಗ್ ಅಕ್ಕಂದಿರಿಗೆ, ಇಂಧನ ತುಂಬುವ ಹುಡುಗರಿಗೆ, ರಾತ್ರಿ ಮೂರಕ್ಕೂ ಬಿಸಿ ಚಹಾ ಕೊಟ್ಟ ಕ್ಯಾಂಟೀನಿನವರಿಗೆ ತುಂಬಾ ಥ್ಯಾಂಕ್ಸ್. ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುವವನಿಗಾಗಿ ಮಕ್ಕಳನ್ನು ಪಿಸುಮಾತಲ್ಲೇ ಬೆಳೆಸಿದ ನನ್ನ ಹೆಂಡತಿಗೆ ಎಷ್ಟು ಹೇಳಿದರೂ ಸಾಲದು.

ಹೊಸದಾಗಿ ಬಂದಿರುವ ಹುಡುಗ ಹುಡುಗಿಯರೇ, ಟೂಲ್ ಬಾಕ್ಸ್ ಲೆಕ್ಕ ಸ್ಟೋರ್‌ಗೆ ಒಪ್ಪಿಸಿದ್ದೇನೆ. ನನ್ನ ನಂಬರ್ ಅದೇ ಇರುತ್ತದೆ. ಏನಾದರೂ ಅನುಮಾನ ಬಂದರೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ, ಎತ್ತುತ್ತೇನೆ.