ಬಿಡಿ ಸಿಗರೇಟಿಗೆ ತಡೆ ಎಲ್ಲಿ?

ಮಾನ್ಯರೇ,

ಸಿಗರೇಟನ್ನು ಬಿಡಿಯಾಗಿ ಮಾರುವುದು, 21 ವರ್ಷ ತುಂಬದವರಿಗೆ ಕೊಡುವುದು, ಶಾಲಾ–ಕಾಲೇಜುಗಳಿಂದ 100 ಮೀಟರ್ ಒಳಗೆ ಮಾರುವುದು, ಮೂರನ್ನೂ ತಂಬಾಕು ನಿಯಂತ್ರಣ ಕಾಯ್ದೆಗೆ ಕರ್ನಾಟಕ ತಂದ 2024ರ ತಿದ್ದುಪಡಿ ನಿಷೇಧಿಸಿದೆ. ಆದರೂ ಕಾಲೇಜಿನ ಪಕ್ಕದ ಚಹಾ ಅಂಗಡಿಯಲ್ಲಿ ಒಂದೊಂದೇ ಸಿಗರೇಟು ಸಲೀಸಾಗಿ ಸಿಗುತ್ತದೆ. ಪ್ಯಾಕಿನ ಶೇ 85ರಷ್ಟು ಜಾಗ ತುಂಬಿರುವ ಎಚ್ಚರಿಕೆ ಚಿತ್ರ ಹುಡುಗರ ಕಣ್ಣಿಗೇ ಬೀಳುವುದಿಲ್ಲ.

ಶ್ವಾಸಕೋಶದ ಸಾಮರ್ಥ್ಯ 20–25ರ ವಯಸ್ಸಿಗೆ ಗರಿಷ್ಠ ಮಟ್ಟ ಮುಟ್ಟಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಹದಿಹರೆಯದಲ್ಲೇ ಸೇದತೊಡಗಿದವರಲ್ಲಿ ಆ ಗರಿಷ್ಠ ಮಟ್ಟವೇ ತಗ್ಗುತ್ತದೆ, ಇಳಿತವೂ ಬೇಗ ಶುರುವಾಗುತ್ತದೆ. ಆಗ ಏನೂ ಗೊತ್ತಾಗದು. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ. ಸೇದುವುದನ್ನು ಬಿಟ್ಟರೆ ಇಳಿತದ ವೇಗ ತಗ್ಗುತ್ತದೆ, ಶ್ವಾಸಕೋಶದೊಳಗೆ ನಾಶವಾದ ಪುಟ್ಟ ಗಾಳಿಗೂಡುಗಳು ಮಾತ್ರ ಮರಳಿ ಬರುವುದಿಲ್ಲ.

ಬಿಡಲು ಹೊರಟವರು ಸೋಲುವುದಕ್ಕೆ ಕಾರಣ ಬರೀ ಮನೋಬಲದ ಕೊರತೆಯಲ್ಲ. ಚಟ ಬಿಡಲು ನೆರವಾಗುವ ನಿಕೋಟಿನ್ ಗಮ್ಮನ್ನು ಬಬಲ್‌ಗಮ್ಮಿನಂತೆ ಜಗಿಯುತ್ತಾರೆ. ರಸ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಕೈಬಿಡುತ್ತಾರೆ. ನಿಧಾನವಾಗಿ ಜಗಿದು, ಬಾಯಿ ಚುರುಗುಟ್ಟಿದೊಡನೆ ಕೆನ್ನೆ–ವಸಡಿನ ನಡುವೆ ಇಡಬೇಕು. ಚುರುಕು ಇಳಿದಾಗ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲು ಕಾಫಿ ಬೇಡ, ನಿಕೋಟಿನ್ ಹೀರಿಕೆ ಕುಗ್ಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 2 ಮಿ.ಗ್ರಾಂ ನಿಕೋಟಿನ್ ಇರುವ ಗಮ್ ಸಾಲದೇ ಹೋಗಬಹುದು, 4 ಮಿ.ಗ್ರಾಂನದು ಬೇಕೇ ಎಂದು ವೈದ್ಯರನ್ನು ಕೇಳಬೇಕು. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356 ಅನ್ನು ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಬರೆಸಲಿ.

– ಓದುಗ ವೈದ್ಯರು, ಮೈಸೂರು