ಬೇಡ ಎಂದರೆ ಏನು ಹೇಳಲಿ ಎಂದೆಯಲ್ಲ

ದಾವಣಗೆರೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಪ್ಯಾರಿಸ್, ಜ್ಯೂರಿಕ್, ಮ್ಯೂನಿಕ್ ಎಂದು ನೀನು ಬರೆದದ್ದನ್ನೆಲ್ಲ ಸಂತೋಷದಿಂದ ಓದುತ್ತಾ ಬಂದೆ. ಕೊನೆಯಲ್ಲಿ, ಹಾಳೆಯ ಅಂಚಿಗೆ, "ವೀಸಾ ಕೊಡದೆ ಹೋದರೆ ದುರ್ಗದಲ್ಲಿ ಎಲ್ಲರಿಗೂ ಏನು ಹೇಳಲಿ ಅತ್ತೆ?" ಎಂದು ಸಣ್ಣಕ್ಷರದಲ್ಲಿ ಸೇರಿಸಿದ್ದೀಯಲ್ಲ, ಅಲ್ಲಿಗೆ ಬಂದು ನಿಂತುಬಿಟ್ಟೆ. ಉಳಿದದ್ದಕ್ಕೆ ನಿನ್ನ ಅಪ್ಪ ಉತ್ತರ ಹೇಳಲಿ. ಇದಕ್ಕೆ ನಾನೇ ಹೇಳಬೇಕು.

1998ರಲ್ಲಿ ನಿನ್ನ ಚಿಕ್ಕತ್ತೆ ಹೆರಿಗೆಗೆ ಬಾ ಎಂದು ಕರೆದಳು. ವೀಸಾಕ್ಕಾಗಿ ಚೆನ್ನೈವರೆಗೆ ಹೋಗಿದ್ದೆ. ಗಾಜಿನ ಆಚೆ ಕುಳಿತವರು ಒಂದೆರಡು ಪ್ರಶ್ನೆ ಕೇಳಿ, ನೀವು ಹಿಂತಿರುಗುತ್ತೀರಿ ಎಂಬ ನಂಬಿಕೆ ನಮಗಿಲ್ಲ ಎಂದು ಪಾಸ್‌ಪೋರ್ಟ್ ವಾಪಸ್ ಕೊಟ್ಟರು. ಗಂಡ, ಹಾಸಿಗೆ ಹಿಡಿದ ಅತ್ತೆ, ಶಾಲೆಯ ಕೆಲಸ ಎಲ್ಲವೂ ಇಲ್ಲಿದ್ದವಳು ನಾನು, ಹಿಂತಿರುಗದೆ ಎಲ್ಲಿಗೆ ಹೋಗುತ್ತಿದ್ದೆ? ಊರಿಗೆ ಬಂದು, ಶಾಲೆಯಲ್ಲಿ ರಜೆ ಸಿಗಲಿಲ್ಲ ಎಂದು ಓಣಿಯವರಿಗೆಲ್ಲ ಹೇಳಿದೆ. ಮತ್ತೆ ಅರ್ಜಿ ಹಾಕಿದರೆ ಮೊದಲಿನದು ಬಯಲಾಗುತ್ತದೆ ಎಂಬ ಅಂಜಿಕೆಯಲ್ಲಿ ಇನ್ನೊಮ್ಮೆ ಹಾಕಲೇ ಇಲ್ಲ. ಅವಳ ಬಾಣಂತನವನ್ನು ಯಾರೋ ಮಾಡಿದರು. ಆ ಮಗು ಈಗ ಕೆಲಸಕ್ಕೆ ಹೋಗುತ್ತಿದ್ದಾನೆ, ನನ್ನ ಸಂಕಟ ಮಾತ್ರ ಇದ್ದಲ್ಲೇ ಇದೆ.

ನಿನ್ನ ಸಂಗತಿ ಬೇರೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಈ ಷೆಂಗೆನ್ ವೀಸಾ ಕೊಡುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಮೇಲ್ಮನವಿಗೆ ಅವಕಾಶವಿದೆ, ಕೊರತೆ ತುಂಬಿಕೊಂಡು ಹೊಸ ಅರ್ಜಿಯನ್ನೂ ಹಾಕಬಹುದು. 90 ಯೂರೋ ಶುಲ್ಕ ಮರಳಿ ಬರುವುದಿಲ್ಲ, ಅದು ನಷ್ಟವೇ. ಆ ನಷ್ಟವನ್ನು ನಾನು ತುಂಬಿಕೊಡುತ್ತೇನೆ, ಅದರ ಚಿಂತೆ ಬಿಡು.

ಒಂದು ಮಾತು, ತಪ್ಪು ತಿಳಿಯಬೇಡ. ನಿನ್ನ ಪಟ್ಟಿಯಲ್ಲಿ ಪ್ಯಾರಿಸ್‌ನಲ್ಲಿ ಮೂರು ರಾತ್ರಿ, ಜ್ಯೂರಿಕ್‌ನಲ್ಲಿ ಎರಡು, ಮ್ಯೂನಿಕ್‌ನಲ್ಲಿ ಆರು ಇವೆ. ಆದರೂ ಮೊದಲು ಇಳಿಯುವುದು ಪ್ಯಾರಿಸ್‌ನಲ್ಲಿ ಎಂದು ಫ್ರಾನ್ಸಿಗೆ ಅರ್ಜಿ ಹಾಕುವೆ ಎಂದಿದ್ದೀಯ. ಹೆಚ್ಚು ದಿನ ತಂಗುವ ದೇಶಕ್ಕೇ, ಅಂದರೆ ಮ್ಯೂನಿಕ್ ಇರುವ ಜರ್ಮನಿಗೇ ಹಾಕಬೇಕು, ದಿನಗಳು ಸಮವಾದರೆ ಮಾತ್ರ ಮೊದಲು ಕಾಲಿಡುವ ದೇಶ. ಆರು ತಿಂಗಳು ಮೊದಲೇ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಎನ್ನುತ್ತಾರೆ, 45ರವರೆಗೂ ಎಳೆಯಬಹುದು. ತಡಮಾಡಿದಷ್ಟೂ ನಿನ್ನ ಹೆದರಿಕೆ ಬಲಿಯುತ್ತದೆ.

ರೈಲಿನ ವಿಷಯವನ್ನು ನೀನೇ ಓದಿಕೊಂಡಿರುತ್ತೀಯ. ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಹೋಗುವ ಟಿಜಿವಿ ಎಂಬ ವೇಗದ ರೈಲಿನಲ್ಲಿ ಆಸನ ಕಾಯ್ದಿರಿಸಲೇಬೇಕು. ಜರ್ಮನಿಯೊಳಗೆ ತೀರಾ ಅಗ್ಗದ ಟಿಕೆಟ್ ಕೊಂಡರೆ ರದ್ದು ಮಾಡಲು ಬರುವುದಿಲ್ಲ, ಆದ್ದರಿಂದ ವೀಸಾ ಕೈಗೆ ಬಂದ ಮೇಲೆ ಕೊಳ್ಳು. ಬೆರಳಚ್ಚು ಕೊಡಲು ಬೆಂಗಳೂರಿಗೆ ನೀನೇ ಹೋಗಬೇಕಲ್ಲ, ದುರ್ಗದಿಂದ ನಸುಕಿನ ಬಸ್ಸು ಹಿಡಿದು ಓಡಬೇಡ. ಎರಡು ದಿನ ಮೊದಲೇ ಇಲ್ಲಿಗೆ ಬಾ, ಮರುದಿನ ಇಬ್ಬರೂ ರೈಲಿನಲ್ಲಿ ಹೋಗಿ ಅಲ್ಲೇ ಉಳಿಯೋಣ. ನಮ್ಮ ರೈಲುಗಳಿಗೂ ಈಗ 60 ದಿನ ಮೊದಲು ಮಾತ್ರ ಬುಕಿಂಗ್, ಹಿಂದಿನ 120 ದಿನ ಇಲ್ಲ. ದಿನಾಂಕ ಸಿಕ್ಕ ಕೂಡಲೇ ತಿಳಿಸು.

ಮತ್ತೆ ಅದೇ ಸಾಲಿಗೆ ಬರುತ್ತೇನೆ. ಬೇಡ ಎನ್ನಿಸಿಕೊಂಡದ್ದನ್ನು ಹೇಳಿಕೊಳ್ಳುವ ರೂಢಿ ನಮ್ಮ ಮನೆಯಲ್ಲಿ ಇರಲೇ ಇಲ್ಲ. ನೋಡಲು ಬಂದ ಗಂಡಿನ ಕಡೆಯವರು ಒಪ್ಪದಿದ್ದರೆ ಜಾತಕ ಕೂಡಿಬರಲಿಲ್ಲ ಎನ್ನುತ್ತಿದ್ದೆವು. ಬ್ಯಾಂಕಿನವರು ಸಾಲ ಕೊಡದಿದ್ದರೆ ನಾವೇ ಬೇಡವೆಂದೆವು ಎನ್ನುತ್ತಿದ್ದೆವು. ಅಪ್ಪ ಹಾಗೆಯೇ ಬಾಳಿದರು, ನಾನೂ ಬಾಳಿದೆ. ನೀನು ಅದನ್ನು ಹೊತ್ತುಕೊಳ್ಳಬೇಡ. ಯಾರಾದರೂ ಕೇಳಿದರೆ, "ಸಿಗಲಿಲ್ಲ, ಮತ್ತೆ ಹಾಕುತ್ತೇನೆ" ಎನ್ನು. ಕೇಳಿದವರು ತಮ್ಮ ಮನೆಯ ಕಥೆಯನ್ನೂ ಹೇಳಿಕೊಂಡಾರು. ನಾನು ಬಾಯಿ ಬಿಟ್ಟಿದ್ದರೆ ನನಗೂ ಯಾರಾದರೂ ಇನ್ನೊಮ್ಮೆ ಹಾಕಿ ನೋಡು ಎನ್ನುತ್ತಿದ್ದರೇನೋ.

ಪ್ರವಾಸದ ವೈದ್ಯಕೀಯ ವಿಮೆ 30,000 ಯೂರೋಗಿಂತ ಕಡಿಮೆಯದು ನಡೆಯುವುದಿಲ್ಲ, ನೆನಪಿರಲಿ. ರಜೆಯ ಪತ್ರದಲ್ಲಿ ಮರಳಿ ಕೆಲಸಕ್ಕೆ ಸೇರುವ ದಿನಾಂಕವನ್ನು ಬರೆಸಿಕೋ.

ಪಾಸ್‌ಪೋರ್ಟ್ ಕೈಗೆ ಬಂದ ದಿನವೇ, ಒಳಗೆ ವೀಸಾ ಇರಲಿ ಇಲ್ಲದಿರಲಿ, ನನಗೆ ಫೋನ್ ಮಾಡು. ಅಮ್ಮನಿಗೆ ಹೇಳಲು ಕಷ್ಟವೆನಿಸಿದರೆ ಅವಳಿಗೆ ನಾನು ಹೇಳುತ್ತೇನೆ.

ನಿನ್ನ ಅತ್ತೆ